ಅಷ್ಟೊಂದು ಗ್ಯಾಸ್ ಇದೆ, ನಕ್ಷತ್ರ ಯಾಕೆ ಕಮ್ಮಿ? (ಪೊಸಡಿ ಗುಂಪೆಯಿಂದ ತೆಗೆದ ಒಂದು ಮಸುಕು ಫೋಟೋ)

ಸುರಂಗದ ನೀರು • ಬಾಯಾರು, ಕಾಸರಗೋಡು

ಹೋದ ಜನವರಿ ಅಮಾವಾಸ್ಯೆಗೆ ನಾನು ಮತ್ತು ಭಾವ ಪೊಸಡಿ ಗುಂಪೆ ಹತ್ತಿದ್ದೆವು. ದೊಡ್ಡ ಮೆಗಲನ್ ಮೋಡ (ಹೆಸರು ಮಾತ್ರ ಮೋಡ, ನಿಜಕ್ಕೂ ನಮ್ಮ ಆಕಾಶಗಂಗೆಯ ನೆರೆಯ ಪುಟ್ಟ ಗ್ಯಾಲಕ್ಸಿ) ನಮ್ಮೂರಿಂದ ಕಾಣುತ್ತದಾ ಅಂತ ನೋಡಬೇಕಿತ್ತು. ಲೆಕ್ಕದ ಪ್ರಕಾರ ಕಾಣಬೇಕು. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಈ ಮೋಡ ತೆಂಕು ದಿಗಂತದಿಂದ ಏಳೂವರೆ ಡಿಗ್ರಿ ಮೇಲೆ ಬಂದು ಹಾಗೇ ಇಳಿಯುತ್ತದೆ. ಒಂದು ಮುಷ್ಟಿಯೂ ಇಲ್ಲ. ರಾತ್ರಿ ಹತ್ತರ ಹೊತ್ತಿಗೆ ಅಗಸ್ತ್ಯ ನಕ್ಷತ್ರ ಚೆನ್ನಾಗಿ ಮೇಲೆ ಬಂದಿತ್ತು. ಅದರ ಕೆಳಗೆ, ಸ್ವಲ್ಪ ಬಲಕ್ಕೆ ಹುಡುಕಿದೆವು. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಬರೀ ಮಂಜು, ಪೇಟೆ ಕಡೆಯ ಲೈಟಿನ ಮಬ್ಬು.

ಕೆಮರಾ ಮಾತ್ರ ಕೈಬಿಡಲಿಲ್ಲ. 50 ಮಿ.ಮೀ. ಲೆನ್ಸ್, ಸ್ಟ್ಯಾಂಡ್ ಮೇಲೆ, ಒಂದೊಂದು ಫೋಟೋಕ್ಕೆ 15 ಸೆಕೆಂಡ್. ಧ್ರುವದ ಹತ್ತಿರದ ನಕ್ಷತ್ರಗಳು ನಿಧಾನ ಸರಿಯುವುದರಿಂದ ಗೆರೆ ಬೀಳಲಿಲ್ಲ. ಅಂಥ 70 ಫೋಟೋ ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಇಟ್ಟಾಗ ಒಂದು ಬಿಳಿ ಮಸುಕು ಎದ್ದು ಬಂತು. ಅದರ ಒಂದು ಬದಿಗೆ ಸಣ್ಣ ಚುಕ್ಕೆ. ಅಮ್ಮ ನೋಡಿ, "ಲೆನ್ಸಿಗೆ ಬೂಷ್ಟು ಹಿಡಿದದ್ದು ಮಾರಾಯ" ಅಂದರು. ಅವರ ಸಂಶಯಕ್ಕೆ ಕಾರಣ ಇದೆ. ಆ ಲೆನ್ಸ್ ಆನ್‌ಲೈನಿನಲ್ಲಿ ತೆಗೆದುಕೊಂಡ ಹಳೇ ಮಾಲು. ಬಂದಾಗಲೇ ಒಳಗೆ ಬೂಷ್ಟು ಇತ್ತು, ವಾಪಸ್ ತೆಗೆದುಕೊಳ್ಳಲಿಲ್ಲ. ಆದರೆ ನಕಾಶೆಗೆ ಹೋಲಿಸಿ ನೋಡಿದೆ. ಮಸುಕು ಮೆಗಲನ್ ಮೋಡವೇ. ಚುಕ್ಕೆ ಅದರೊಳಗಿನ ಟ್ಯಾರಂಟುಲಾ ನೀಹಾರಿಕೆ, ನಕ್ಷತ್ರಗಳು ಹುಟ್ಟುವ ಅನಿಲದ ರಾಶಿ. 1,60,000 ಜ್ಯೋತಿರ್ವರ್ಷ ದೂರದ್ದು.

ಈಗ ಪ್ರಶ್ನೆಗೆ ಬರುತ್ತೇನೆ. ಆಮೇಲೆ ಇದರ ಬಗ್ಗೆ ಓದುತ್ತಾ ಕೂತೆ. ದೊಡ್ಡದು, ಸಣ್ಣದು, ಎರಡೂ ಮೆಗಲನ್ ಮೋಡಗಳು ಸರಿಯಾದ ಆಕಾರ ಇಲ್ಲದ ಗ್ಯಾಲಕ್ಸಿಗಳು. ಸಣ್ಣ ಮೋಡದಲ್ಲಿ ನಕ್ಷತ್ರಗಳ ಒಟ್ಟು ತೂಕ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ತೂಕದ ಹೈಡ್ರೋಜನ್ ಇನ್ನೂ ಸುಮ್ನೆ ಬಿದ್ದಿದೆಯಂತೆ. ನಮ್ಮ ಆಕಾಶಗಂಗೆಯಲ್ಲಿ ಅನಿಲ ನಕ್ಷತ್ರಗಳ ತೂಕದ ಒಂದು ಸಣ್ಣ ಪಾಲು ಅಷ್ಟೇ. ಹಾಗಾದರೆ ಸಾಮಾನು ಇದ್ದೂ ಇವು ಯಾಕೆ ನಕ್ಷತ್ರ ಮಾಡಿಲ್ಲ?

ನನಗೆ ನೆನಪಾಗುವುದು ನಮ್ಮ ಹಿತ್ತಿಲ ಗುಡ್ಡ. ಮುರಕಲ್ಲಿನ ಒಳಗೆ ನೀರು ಇರುತ್ತದೆ. ಆದರೆ ಅಡ್ಡಕ್ಕೆ ಸುರಂಗ ತೋಡದಿದ್ದರೆ ತೋಟಕ್ಕೆ ಒಂದು ತೊಟ್ಟೂ ಬರಲ್ಲ. ಅಲ್ಲಿ ಸುರಂಗ ತೋಡುವವರು ಯಾರು?

ಕುಂಬಳೆ ಪೇಟೆ • ಕಾಸರಗೋಡು

ಗ್ಯಾಸ್ ಇದ್ದೂ ಒಲೆ ಹತ್ತುವುದಿಲ್ಲ ಅಂದರೆ ರೆಗ್ಯುಲೇಟರ್ ನೋಡಿ ಮಾರಾಯ್ರೆ.

ತಾಳವಾಡಿ ಟೀಚರ್ • ಈರೋಡ್ ಜಿಲ್ಲೆ

ಕುಂಬಳೆಯವರು ತಮಾಷೆಗೆ ಹೇಳಿದ್ದು ಅರ್ಧ ನಿಜ. ರೆಗ್ಯುಲೇಟರ್ ಇದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಒಂದು ಲೆಕ್ಕ. ಸಣ್ಣ ಮೋಡದಲ್ಲಿ ಸುಮಾರು 40 ಕೋಟಿ ಸೂರ್ಯರ ತೂಕದ ಹೈಡ್ರೋಜನ್ ಇದೆ. ಅಲ್ಲಿ ನಕ್ಷತ್ರ ಹುಟ್ಟುವ ವೇಗ ನೋಡಿದರೆ 20 ವರ್ಷಕ್ಕೆ ಒಂದು ಸೂರ್ಯನಷ್ಟು ಸಾಮಾನು ಖರ್ಚಾಗುತ್ತದೆ ಅಂತ ಇಟ್ಟುಕೊಳ್ಳಿ. 40 ಕೋಟಿ ಗುಣಿಸು 20. 800 ಕೋಟಿ ವರ್ಷ ಬರುತ್ತದೆ. ಇನ್ನೂ ಪುಟ್ಟ ಕೆಲವು ಗ್ಯಾಲಕ್ಸಿಗಳಲ್ಲಿ ಇದೇ ಲೆಕ್ಕ ಹಾಕಿದರೆ ವಿಶ್ವದ ವಯಸ್ಸಾದ 1,380 ಕೋಟಿ ವರ್ಷವನ್ನೂ ದಾಟುತ್ತದೆ. ಅಂದರೆ ಇದ್ದದ್ದನ್ನು ಖರ್ಚು ಮಾಡುವ ಅವಸರವೇ ಇಲ್ಲ.

ಯಾಕೆ ಅಂದರೆ, ಅನಿಲ ಇದ್ದರೆ ಸಾಲದು. ಅದು ತಣ್ಣಗಾಗಬೇಕು. ಗ್ಯಾಲಕ್ಸಿಯೊಳಗಿನ ಒಂದು ಅನಿಲದ ಮೋಡ ತನ್ನ ಭಾರಕ್ಕೆ ತಾನೇ ಕುಗ್ಗತೊಡಗಿದರೆ ಬಿಸಿಯಾಗುತ್ತದೆ. ಬಿಸಿಯಾದರೆ ಹೊರಗೆ ಒತ್ತುತ್ತದೆ, ಕುಗ್ಗುವುದು ನಿಲ್ಲುತ್ತದೆ. ಆ ಬಿಸಿಯನ್ನು ಬೆಳಕಿನ ರೂಪದಲ್ಲಿ ಹೊರಗೆ ಎಸೆದರೆ ಮಾತ್ರ ಮುಂದೆ ಕುಗ್ಗಬಹುದು. ಚೆಂಬಿನಲ್ಲಿ ಮುಚ್ಚಿಟ್ಟ ಗಂಜಿ ಆರಲ್ಲ. ಅದನ್ನೇ ತಟ್ಟೆಗೆ ಸುರಿದರೆ ಬೇಗ ಆರುತ್ತದೆ, ಅಲ್ವಾ? ಮೋಡಕ್ಕೆ ಆ ತಟ್ಟೆಯ ಕೆಲಸ ಮಾಡುವುದು ಕಾರ್ಬನ್, ಆಮ್ಲಜನಕ, ಧೂಳು. ಕಾರ್ಬನ್ ಒಂದೇ 158 ಮೈಕ್ರಾನ್ ಅಲೆಯುದ್ದದಲ್ಲಿ ಬಹಳ ಬಿಸಿಯನ್ನು ಹೊರಗೆ ಹಾಕುತ್ತದೆ. ಬರೀ ಹೈಡ್ರೋಜನ್‌ಗೆ ಇದು ಬರಲ್ಲ. ಸುಮಾರು 10,000 ಡಿಗ್ರಿಯಿಂದ ಕೆಳಗೆ ಅದು ಬಿಸಿ ಬಿಡುವುದರಲ್ಲಿ ತೀರಾ ಸೋಮಾರಿ.

ಈಗ ನೋಡಿ, ಈ ಕಾರ್ಬನ್, ಆಮ್ಲಜನಕ ಎಲ್ಲ ಬಂದದ್ದು ಹಿಂದಿನ ನಕ್ಷತ್ರಗಳ ಹೊಟ್ಟೆಯಿಂದ. ನಕ್ಷತ್ರ ಕಮ್ಮಿ ಹುಟ್ಟಿದರೆ ಇವೂ ಕಮ್ಮಿ. ಸೂರ್ಯನಲ್ಲಿ ಇರುವುದಕ್ಕೆ ಹೋಲಿಸಿದರೆ ದೊಡ್ಡ ಮೋಡದಲ್ಲಿ ಅರ್ಧದಷ್ಟು, ಸಣ್ಣದರಲ್ಲಿ ಐದನೇ ಒಂದು ಪಾಲು. ಬಡವನ ಕೈಯಲ್ಲಿ ಬಂಡವಾಳ ಇಲ್ಲ, ಬಂಡವಾಳ ಇಲ್ಲದೆ ವ್ಯಾಪಾರ ಇಲ್ಲ ಅನ್ನೋ ಹಾಗೆ.

ಧೂಳಿಗೆ ಇನ್ನೊಂದು ಕೆಲಸ ಇದೆ. ಎರಡು ಹೈಡ್ರೋಜನ್ ಪರಮಾಣು ಸೇರಿ ಒಂದು ಅಣು ಆಗಲು ಜಾಗ ಬೇಕು. ಡಿಸೆಂಬರ್ ಬೆಳಿಗ್ಗೆ ನಿಮ್ಮ ಅಡಿಕೆ ತೋಟದಲ್ಲಿ ಜೇಡರ ಬಲೆ ನೋಡಿ. ಗಾಳಿಯಲ್ಲಿ ಇದ್ದ ಮಂಜು ದಾರದ ಮೇಲೆ ಹನಿಯಾಗಿ ಕೂತಿರುತ್ತದೆ. ಹಾಗೇ ಪರಮಾಣುಗಳು ಧೂಳಿನ ಕಣದ ಮೇಲೆ ಕೂತು ಜೋಡಿಯಾಗುತ್ತವೆ. ಜೋಡಿಯಾದ ಮೇಲೂ ನಕ್ಷತ್ರಗಳ ನೇರಳಾತೀತ ಬೆಳಕು ಬಂದು ಒಡೆಯುತ್ತದೆ. ಅದರಿಂದ ಮರೆ ಕೊಡುವುದರಲ್ಲೂ ಧೂಳಿನ ಕೈ ಇದೆ.

ಸುರಂಗದ ನೀರು

ಟೀಚರ್, ಅಂದರೆ ನಮ್ಮ ಗುಡ್ಡದಲ್ಲಿ ನೀರು ಇದ್ದೂ ಹರಿಯದ ಹಾಗಲ್ಲ ಇದು. ನೀರು ಇನ್ನೂ ಆವಿಯಾಗಿಯೇ ಇದೆ ಅನ್ನಿ. ನನ್ನ ಹೋಲಿಕೆ ಬಿದ್ದು ಹೋಯಿತು.

ಬದಿಯಡ್ಕ ಮಾಷ್ಟ್ರು • ಕಾಸರಗೋಡು

ನಾನು ಗಣಿತದವನು, ಇದು ನನ್ನ ವಿಷಯ ಅಲ್ಲ. ಆದರೂ ಒಂದು ಕಡೆ ಸಿಕ್ಕಿಕೊಂಡೆ. ವಿಶ್ವದ ಮೊಟ್ಟಮೊದಲ ನಕ್ಷತ್ರಗಳು ಹುಟ್ಟುವಾಗ ಕಾರ್ಬನ್ ಇರಲಿಲ್ಲ, ಧೂಳಂತೂ ಇರಲೇ ಇಲ್ಲ. ಆಗ ಯಾವ ತಟ್ಟೆಗೆ ಗಂಜಿ ಸುರಿದರು? ಧೂಳು ಬೇಕೇ ಬೇಕು ಅಂತಾದರೆ ಮೊದಲ ನಕ್ಷತ್ರವೇ ಹುಟ್ಟಬಾರದಿತ್ತು.

ತಾಳವಾಡಿ ಟೀಚರ್

ಒಳ್ಳೇ ಜಾಗಕ್ಕೆ ಕೈ ಹಾಕಿದಿರಿ ಮಾಷ್ಟ್ರೆ. ನಾನು ಹೇಳಿದ್ದು ಸ್ವಲ್ಪ ಬಿಗಿಯಾಯಿತು, ಒಪ್ಪುತ್ತೇನೆ. ಬಿಡಿ ಎಲೆಕ್ಟ್ರಾನ್‌ಗಳ ನೆರವಿನಿಂದ ಧೂಳು ಇಲ್ಲದೆಯೂ ಸ್ವಲ್ಪ ಅಣು ಹೈಡ್ರೋಜನ್ ಆಗುತ್ತದೆ. ಬಹಳ ನಿಧಾನ, ಬಹಳ ಕಮ್ಮಿ. ಆ ಸ್ವಲ್ಪದರಲ್ಲೇ ಮೋಡ ಕೆಲವು ನೂರು ಡಿಗ್ರಿ ತನಕ ಇಳಿದು, ಅಲ್ಲಿಂದ ಮುಂದೆ ಅಷ್ಟು ತಣ್ಣಗಾಗದೆ ದೊಡ್ಡ ದೊಡ್ಡ ತುಂಡುಗಳಾಗಿ ಕುಗ್ಗಿತು ಅನ್ನುತ್ತಾರೆ. ಮೊದಲ ನಕ್ಷತ್ರಗಳು ಭಾರೀ ತೂಕದವು ಅಂತ ಊಹಿಸುವುದು ಅದಕ್ಕೇ. ಧೂಳು ಇದ್ದರೆ ಕೆಲಸ ಸುಲಭ, ಅಷ್ಟೇ. ಇಲ್ಲದಿದ್ದರೆ ಆಗುವುದೇ ಇಲ್ಲ ಅಂತಲ್ಲ.

ಇದನ್ನೇ ನಮ್ಮ ನೆರೆಹೊರೆಯಲ್ಲೂ ನೋಡಿದ್ದಾರೆ. ಸುಮಾರು 30 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಡಬ್ಲ್ಯುಎಲ್‌ಎಂ ಅನ್ನೋ ಪುಟ್ಟ ಗ್ಯಾಲಕ್ಸಿ ಇದೆ. 1909ರಲ್ಲಿ ಮ್ಯಾಕ್ಸ್ ವುಲ್ಫ್ ಕಂಡುಹಿಡಿದದ್ದು. ಅಲ್ಲಿ ಕಾರ್ಬನ್, ಆಮ್ಲಜನಕದಂಥ ಭಾರದ ಧಾತುಗಳು ಸೂರ್ಯನ ಲೆಕ್ಕದಲ್ಲಿ 13 ಪರ್ಸೆಂಟ್. ಆದರೂ ನಕ್ಷತ್ರ ಹುಟ್ಟುತ್ತಿದೆ. ಹುಟ್ಟುವ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬೇಕಲ್ಲ ಅಂತ ಎಷ್ಟೋ ವರ್ಷ ಹುಡುಕಿದರು, ಸಿಗಲಿಲ್ಲ. ಕೊನೆಗೆ ಚಿಲಿ ದೇಶದ ದೂರದರ್ಶಕಗಳಿಂದ 2013ರಲ್ಲಿ ಅದರ ಗುರುತು ಸಿಕ್ಕಿತು. 2015ರಲ್ಲಿ ಅಲ್ಲಿಯದೇ ಆಲ್ಮಾ ಅನ್ನೋ ರೇಡಿಯೋ ದೂರದರ್ಶಕ ಅದೇ ಜಾಗವನ್ನು ಹತ್ತಿರದಿಂದ ನೋಡಿದಾಗ ಕಂಡದ್ದು ಹತ್ತು ಪುಟ್ಟ ಮೋಡಗಳು. ಒಂದೊಂದೂ ಸರಾಸರಿ ಬರೀ ಹತ್ತು-ಹದಿನೈದು ಜ್ಯೋತಿರ್ವರ್ಷ ಅಗಲ. ಸುತ್ತ ಅಷ್ಟು ದೊಡ್ಡ ಹೈಡ್ರೋಜನ್ ಮುದ್ದೆ, ಅದರ ನಡುವೆ ತೆಂಗಿನಕಾಯಿ ಒಳಗೆ ಲಿಂಬೆ ಬೀಜ ಇಟ್ಟ ಹಾಗೆ ಈ ಹತ್ತು.

ಸೊಲ್ಲಾಪುರ ಚಾದರ • ಮಹಾರಾಷ್ಟ್ರ

ನಮಸ್ಕಾರರೀ ಎಲ್ಲರಿಗೂ. ಒಂದು ಮಾತು ಸೇರಿಸುತ್ತೇನೆ. ಕಾರ್ಬನ್ ಮೊನಾಕ್ಸೈಡ್ ಹುಡುಕುವುದು ಅದೇ ಬೇಕು ಅಂತಲ್ಲ. ತಣ್ಣನೆ ಅಣು ಹೈಡ್ರೋಜನ್ ತಾನಾಗಿ ಕಾಣಿಸಿಕೊಳ್ಳಲ್ಲ. ಅದರ ಜೊತೆ ಇರುವ ಕಾರ್ಬನ್ ಮೊನಾಕ್ಸೈಡ್ ಕಾಣಿಸುತ್ತದೆ. ಕಪ್ಪೆ ಕೂಗಿದರೆ ಅಲ್ಲಿ ನೀರಿದೆ ಅನ್ನುವ ಲೆಕ್ಕ. ಧೂಳಿನ ಮರೆ ಕಮ್ಮಿ ಇದ್ದಲ್ಲಿ ಕಾರ್ಬನ್ ಮೊನಾಕ್ಸೈಡ್ ಮೊದಲು ಒಡೆದು ಹೋಗುತ್ತದೆ, ಹೈಡ್ರೋಜನ್ ಜೋಡಿ ಉಳಿದಿರುತ್ತದೆ. ಅಂದರೆ ಕೆರೆಯಲ್ಲಿ ನೀರಿದೆ, ಕಪ್ಪೆ ಮಾತ್ರ ಇಲ್ಲ. ಸಣ್ಣ ಮೋಡದಲ್ಲಿ ಇಂಥ ಕಪ್ಪೆ ಕೂಗದ ನೀರೇ ಜಾಸ್ತಿ.

ಬಿಡಿ ಪರಮಾಣುವಾಗಿರುವ ಹೈಡ್ರೋಜನ್ ಮಾತ್ರ ಪಾಪ, ತಾನೇ ಕೂಗುತ್ತದೆ. 21 ಸೆಂಟಿಮೀಟರ್ ರೇಡಿಯೋ ಅಲೆ, 1420 ಮೆಗಾಹರ್ಟ್ಸ್. 1944ರಲ್ಲಿ ಹಾಲೆಂಡಿನ ಹೆಂಡ್ರಿಕ್ ವ್ಯಾನ್ ಡೆ ಹುಲ್ಸ್ಟ್ ಇಂಥದ್ದೊಂದು ಇರಬೇಕು ಅಂದರು. 1951ರಲ್ಲಿ ಅಮೆರಿಕದಲ್ಲಿ ಯೂಯೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ತಮಾಷೆ ಏನಂದರೆ, ಒಂದು ಪರಮಾಣು ತಾನಾಗಿ ಒಮ್ಮೆ ಕೂಗಲು ಸರಾಸರಿ 1 ಕೋಟಿ 10 ಲಕ್ಷ ವರ್ಷ ಬೇಕು. ಆದರೆ ಗ್ಯಾಲಕ್ಸಿಯಲ್ಲಿ ಅವು ಲೆಕ್ಕ ಇಲ್ಲದಷ್ಟು ಇರುವುದರಿಂದ ಯಾವಾಗಲೂ ಯಾವುದಾದರೂ ಒಂದು ಕೂಗುತ್ತಲೇ ಇರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಪುಣೆ ಜಿಲ್ಲೆಯ ಖೋಡದ್‌ನಲ್ಲಿ ಜಿಎಂಆರ್‌ಟಿ ಅನ್ನೋ ದೊಡ್ಡ ರೇಡಿಯೋ ದೂರದರ್ಶಕ ಇದೆಯಲ್ಲ, ವಿಜ್ಞಾನಿ ಗೋವಿಂದ ಸ್ವರೂಪ್ ಕಟ್ಟಿಸಿದ್ದು, ಅಲ್ಲಿಗೆ ವಿಜ್ಞಾನ ದಿನದಂದು ನಾನು ಹೋಗಿದ್ದೆ. 45 ಮೀಟರ್ ಅಗಲದ 30 ಬುಟ್ಟಿಗಳು. ಬುಟ್ಟಿ ಅಂದರೆ ಬುಟ್ಟಿಯೇ. ಹತ್ತಿರ ಹೋಗಿ ನಿಂತರೆ ತಗಡು ಇಲ್ಲ, ತಂತಿ ಬಲೆ. ಆಚೆಯ ಆಕಾಶ ಕಾಣುತ್ತದೆ. ಹೊಲದಲ್ಲಿ ಈರುಳ್ಳಿ, ಅದರ ಮೇಲೆ ಬುಟ್ಟಿಯ ನೆರಳು. ಇದೇ ಬಲೆಯಿಂದ ಆಕಾರ ಇಲ್ಲದ ಪುಟ್ಟ ಗ್ಯಾಲಕ್ಸಿಗಳ ಹೈಡ್ರೋಜನ್ ನಕಾಶೆ ಮಾಡಿದ್ದಾರೆ, 60ಕ್ಕೂ ಜಾಸ್ತಿ ಗ್ಯಾಲಕ್ಸಿಗಳದ್ದು. ಜಯರಾಂ ಚೆಂಗಲೂರು, ಆಯೇಷಾ ಬೇಗಂ ಮತ್ತು ರಷ್ಯದ ಕೆಲವರು ಸೇರಿ ಮಾಡಿದ ಕೆಲಸ.

ಅದರಲ್ಲಿ ಎನ್‌ಜಿಸಿ 3741 ಅಂತ ಒಂದು. ಸುಮಾರು 1 ಕೋಟಿ ಜ್ಯೋತಿರ್ವರ್ಷ ದೂರ. ಕಣ್ಣಿಗೆ ಕಾಣುವ ನಕ್ಷತ್ರಗಳ ಭಾಗ ಎಷ್ಟು ಹರಡಿದೆಯೋ ಅದರ ಎಂಟು ಪಟ್ಟು ಆಚೆಗೂ ಹೈಡ್ರೋಜನ್ ಹರಡಿದೆ. ಎಂಟು ಪಟ್ಟು ಅಂದರೆ ವಿಸ್ತೀರ್ಣ 64 ಪಟ್ಟು ಆಯಿತು. ನಿಮ್ಮ ಕಾಸರಗೋಡಿನ ಲೆಕ್ಕದಲ್ಲಿ ಹೇಳುವುದಾದರೆ ಮನೆ 10 ಸೆಂಟ್ಸ್‌ನಲ್ಲಿ, ಸುತ್ತ ಆರು ಎಕರೆ ಖಾಲಿ ಜಾಗ. ಗಿಡ ನೆಟ್ಟಿಲ್ಲ.

ಮಡಕಶಿರಾ ಹುಡುಗ • ಆಂಧ್ರಪ್ರದೇಶ

ಅಣ್ಣಾ, ನಮ್ಮೂರಿನ ಈ ಕಡೆ ಗೌರಿಬಿದನೂರಿನಲ್ಲೂ ರೇಡಿಯೋ ದೂರದರ್ಶಕ ಇದೆಯಲ್ಲ. ಹಿಂದೂಪುರದ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿ ಈ 21 ಸೆಂಟಿಮೀಟರ್ ಕೇಳುವುದಿಲ್ಲವಾ?

ಸೊಲ್ಲಾಪುರ ಚಾದರ

ಕೇಳಲ್ಲ ತಮ್ಮಾ. ಅಲ್ಲಿಯ ಹಳೇ ಟಿ ಆಕಾರದ ಸಾಲು 34.5 ಮೆಗಾಹರ್ಟ್ಸ್‌ದು. ಅಲೆ ಸುಮಾರು 8.7 ಮೀಟರ್ ಉದ್ದ. ಅದಕ್ಕೇ ಅಲ್ಲಿ ಬುಟ್ಟಿ ಇಲ್ಲ, ಕಂಬ ತಂತಿ ಸಾಲು ಮಾತ್ರ. ಸೂರ್ಯ, ಆಕಾಶಗಂಗೆಯ ಹಿನ್ನೆಲೆ ಸದ್ದು ಇಂಥದ್ದಕ್ಕೆ ಅದು ಸರಿ. ಹೈಡ್ರೋಜನ್‌ಗೆ ಬೇರೆ ಕಿವಿ ಬೇಕು.

ಬದಿಯಡ್ಕ ಮಾಷ್ಟ್ರು

ಸರಿ, ಒಪ್ಪಿದೆ. ಆದರೆ ಫೋಟೋದಲ್ಲಿರುವ ಆ ಚುಕ್ಕೆಯೇ ನಿಮಗೆ ಎದುರು ಸಾಕ್ಷಿ ಅಲ್ಲವಾ? ಟ್ಯಾರಂಟುಲಾದ ನಡುವೆ ಆರ್136 ಅಂತ ಒಂದು ನಕ್ಷತ್ರಗಳ ಗುಂಪು ಇದೆ, ಅದರಲ್ಲಿ ಒಂದು ನಕ್ಷತ್ರ ಸೂರ್ಯನ ಸುಮಾರು 200 ಪಟ್ಟು ತೂಕ ಅಂತ ಓದಿದ್ದೇನೆ. ಧೂಳು ಕಮ್ಮಿ, ಸೋಮಾರಿ ಅಂತೆಲ್ಲ ಹೇಳಿ ಅಲ್ಲೇ ಇಷ್ಟು ದೊಡ್ಡ ಕಾರ್ಖಾನೆ ಹೇಗೆ?

ತಾಳವಾಡಿ ಟೀಚರ್

ಸೋಮಾರಿ ಅಂದರೆ ಯಾವಾಗಲೂ ಮಲಗಿರುವುದು ಅಂತಲ್ಲ. ಎದ್ದಾಗ ಒಮ್ಮೆಲೇ ಎದ್ದು ಬಿಡುತ್ತಾರೆ. ನಮ್ಮ ಆಕಾಶಗಂಗೆಗೆ ಸುರುಳಿ ತೋಳುಗಳಿವೆ. ಅನಿಲ ಅದರ ಮೂಲಕ ಹಾದು ಹೋಗುವಾಗ ಒತ್ತಿಸಿಕೊಂಡು ದಟ್ಟವಾಗುತ್ತದೆ. ದಿನಾ ನಡೆಯುವ ಕೆಲಸ ಅದು. ಆಕಾರ ಇಲ್ಲದವಕ್ಕೆ ಆ ಅಭ್ಯಾಸ ಇಲ್ಲ. ಯಾರಾದರೂ ತಳ್ಳಬೇಕು. ಸುಮಾರು 20 ಕೋಟಿ ವರ್ಷದ ಹಿಂದೆ ದೊಡ್ಡ ಮೋಡವೂ ಸಣ್ಣ ಮೋಡವೂ ಬಹಳ ಹತ್ತಿರ ಹಾದು ಹೋದವು. ಆಗ ಎಳೆದಾಡಿಸಿಕೊಂಡ ಅನಿಲ ಎರಡರ ನಡುವೆ ಸೇತುವೆಯ ಹಾಗೆ ಈಗಲೂ ನಿಂತಿದೆ. ಹಾಗೆ ಕಿತ್ತು ಬಂದ ಅನಿಲ ದೊಡ್ಡ ಮೋಡಕ್ಕೆ ಬಂದು ಬಡಿದು ಟ್ಯಾರಂಟುಲಾದಲ್ಲಿ ಕೆಲಸ ಶುರುವಾಯಿತು ಅಂತ ಹೇಳುವವರಿದ್ದಾರೆ. ನನಗೆ ಇದು ಒಪ್ಪುವ ಮಾತು ಅನಿಸುತ್ತದೆ.

ಇನ್ನು ಕುಂಬಳೆಯವರ ರೆಗ್ಯುಲೇಟರ್. ಇಂಥ ದೊಡ್ಡ ನಕ್ಷತ್ರಗಳು ಕೆಲವು ಹತ್ತು ಲಕ್ಷ ವರ್ಷಗಳಲ್ಲಿ ಮುಗಿಯುತ್ತವೆ. ಬದುಕಿರುವಾಗ ಗಾಳಿ ಊದುತ್ತವೆ, ಸಾಯುವಾಗ ಸಿಡಿಯುತ್ತವೆ. 1987ರ ಫೆಬ್ರವರಿಯಲ್ಲಿ ದೊಡ್ಡ ಮೋಡದಲ್ಲಿ ಒಂದು ಸಿಡಿದದ್ದು ಬರಿಗಣ್ಣಿಗೇ ಕಂಡಿತ್ತು. ದೊಡ್ಡ ಗ್ಯಾಲಕ್ಸಿಯಲ್ಲಿ ಹೀಗೆ ಚಿಮ್ಮಿದ ಅನಿಲವನ್ನು ಅದರ ಭಾರ ಹಿಡಿದಿಡುತ್ತದೆ. ಪುಟ್ಟದರಲ್ಲಿ ಹಿಡಿತ ಕಮ್ಮಿ. ಮನೆಯ ಮಾಡು ಹಾರಿ ಹೋದ ಹಾಗೆ ಅನಿಲ ಚೆದುರಿ ಹೋಗುತ್ತದೆ, ಒಲೆ ಆರುತ್ತದೆ. ಮತ್ತೆ ಅದು ಇಳಿದು ಬಂದು ತಣ್ಣಗಾಗುವವರೆಗೆ ಕಾಯಬೇಕು.

ಸೊಲ್ಲಾಪುರ ಚಾದರ

ಮೇಡಂ, ಇಲ್ಲೊಂದು ಜಗಳದ ಕಥೆ ಇದೆ. ಹೋಲ್ಮ್‌ಬರ್ಗ್ 2 ಅನ್ನೋ ಪುಟ್ಟ ಗ್ಯಾಲಕ್ಸಿ, ಸಪ್ತರ್ಷಿ ಮಂಡಲದ ಕಡೆ. ಅದರ ಹೈಡ್ರೋಜನ್ ನಕಾಶೆ 1992ರಲ್ಲಿ ಬಂದಾಗ ಎಲ್ಲೆಲ್ಲೂ ತೂತು. ನೀರುದೋಸೆ ನೆನಪಾಗುತ್ತದೆ, ನಿಮ್ಮ ಕಡೆಯದ್ದು. 51 ತೂತು ಎಣಿಸಿದರು. ಪ್ರತಿ ತೂತಿನಲ್ಲೂ ಒಂದು ನಕ್ಷತ್ರ ಗುಂಪು ಇತ್ತು, ಅದರ ಸಿಡಿತಕ್ಕೆ ತೂತು ಬಿತ್ತು ಅಂತ ಮೊದಲು ಹೇಳಿದರು. 1999ರಲ್ಲಿ ಬೇರೆಯವರು ತೂತುಗಳ ಒಳಗೆ ಇಣುಕಿದರು. ಬಹಳ ಕಡೆ ನಿರೀಕ್ಷಿಸಿದ ಗುಂಪು ಇರಲಿಲ್ಲ. ಕೊಲೆಯಾಗಿದೆ, ಕೊಲೆಗಾರ ಇಲ್ಲ.

ಆಮೇಲೆ 2009ರಲ್ಲಿ ಹಬಲ್ ದೂರದರ್ಶಕದ ಫೋಟೋಗಳಿಂದ ಒಂದೊಂದು ನಕ್ಷತ್ರದ ವಯಸ್ಸು ಲೆಕ್ಕ ಹಾಕಿದರು. ತೂತಿನ ಒಳಗೆ ಹಲವು ತಲೆಮಾರಿನ ನಕ್ಷತ್ರಗಳು ಸಿಕ್ಕವು. ಒಬ್ಬನೇ ಮಾಡಿದ್ದಲ್ಲ. ಅಜ್ಜ ಸ್ವಲ್ಪ, ಅಪ್ಪ ಸ್ವಲ್ಪ, ಮಗ ಸ್ವಲ್ಪ ತೋಡಿದ್ದು.

ಸುರಂಗದ ನೀರು

ಇದು ಮಾತ್ರ ನಮ್ಮ ಸುರಂಗವೇ! ನಮ್ಮ ಮನೆಯದ್ದು ಅಜ್ಜ ಶುರು ಮಾಡಿ, ಅಪ್ಪ ಇನ್ನೂ ಉದ್ದ ಮಾಡಿದ್ದು. ನನ್ನ ಹೋಲಿಕೆ ಅರ್ಧ ಜೀವ ಆಯಿತು ಟೀಚರ್.

ಆದರೆ ನಮ್ಮ ಆಕಾಶಗಂಗೆಯಲ್ಲಿ ಇಷ್ಟು ನೀಟಾದ ತೂತು ಯಾಕೆ ಕಾಣಲ್ಲ?

ತಾಳವಾಡಿ ಟೀಚರ್

ಇಲ್ಲೂ ಬೀಳುತ್ತವೆ, ಬಾಳುವುದಿಲ್ಲ. ನಮ್ಮ ಗ್ಯಾಲಕ್ಸಿಯಲ್ಲಿ ಒಳಗಿನ ಅನಿಲ ಬೇಗ ಒಂದು ಸುತ್ತು ಮುಗಿಸುತ್ತದೆ, ಹೊರಗಿನದು ತಡವಾಗಿ. ಈ ವ್ಯತ್ಯಾಸಕ್ಕೆ ತೂತು ಜಗ್ಗಿ ಉದ್ದವಾಗಿ ಹರಿದು ಹೋಗುತ್ತದೆ. ಪುಟ್ಟ ಗ್ಯಾಲಕ್ಸಿಗಳ ಒಳಭಾಗ ಬೀಸುವ ಕಲ್ಲಿನ ಹಾಗೆ ಎಲ್ಲ ಒಟ್ಟಿಗೆ ತಿರುಗುತ್ತದೆ. ಹಾಗಾಗಿ ತೂತು ಗುಂಡಗೆ, ಬಹಳ ಕಾಲ ನಿಲ್ಲುತ್ತದೆ.

ಮಡಕಶಿರಾ ಹುಡುಗ

ನನಗೆ ಒಂದು ಸಣ್ಣ ದೂರದರ್ಶಕ ಇದೆ, ಆರು ಇಂಚಿನದ್ದು. ಮೆಗಲನ್ ಮೋಡ ನಮ್ಮಲ್ಲಿ ಇನ್ನೂ ಕೆಳಗೆ, ಆಸೆ ಇಲ್ಲ. ಇಂಥ ಬೇರೆ ಯಾವುದಾದರೂ ನೋಡಬಹುದಾ?

ಸೊಲ್ಲಾಪುರ ಚಾದರ

ನಮ್ಮ ಸೊಲ್ಲಾಪುರದಲ್ಲಿ ಅದು ಎರಡೂವರೆ ಡಿಗ್ರಿ ತಮ್ಮಾ, ನೀನೇ ಅದೃಷ್ಟವಂತ. ಧನು ರಾಶಿಯಲ್ಲಿ ಎನ್‌ಜಿಸಿ 6822 ಅನ್ನೋ ಇಂಥದ್ದೇ ಗ್ಯಾಲಕ್ಸಿ ಹುಡುಕು. ಬಾರ್ನಾರ್ಡ್ 1884ರಲ್ಲಿ ಸಣ್ಣ ದೂರದರ್ಶಕದಲ್ಲೇ ಕಂಡದ್ದು. ಸುಮಾರು 16 ಲಕ್ಷ ಜ್ಯೋತಿರ್ವರ್ಷ. 1925ರಲ್ಲಿ ವಿಜ್ಞಾನಿ ಹಬಲ್ ಅದರಲ್ಲಿ ಸೆಫೀಡ್ ನಕ್ಷತ್ರಗಳನ್ನು (ಬೆಳಕು ಏರಿಳಿಯುವ ಲೆಕ್ಕದಿಂದ ದೂರ ಅಳೆಯಲು ಬರುವಂಥವು) ಹಿಡಿದು, ಇದು ನಮ್ಮ ಆಕಾಶಗಂಗೆಯ ಹೊರಗಿನದು ಅಂತ ತೋರಿಸಿದರು. ಅಕ್ಟೋಬರ್‌ನಲ್ಲಿ ಮಳೆ ಹೋದ ಮೇಲೆ, ಕತ್ತಲಾದ ಕೂಡಲೇ ನೋಡು. ಜಾಸ್ತಿ ಹಿಗ್ಗಿಸುವ ಕಣ್ಣುಮಸೂರ ಹಾಕಬೇಡ. ಹಾಕಿದರೆ ಮಬ್ಬು ಹರಡಿ ಕಾಣೆಯಾಗುತ್ತದೆ. ನಾನು ಮೂರು ರಾತ್ರಿ ಅದನ್ನೇ ನೋಡುತ್ತಾ ಅದನ್ನೇ ಹುಡುಕಿದವನು.

ಕುಂಬಳೆ ಪೇಟೆ

ನಮ್ಮಲ್ಲಿ ಧನು ರಾಶಿ ಮೇಲೆ ಬರುವುದೇ ಜೂನ್ ಜುಲೈಗೆ. ಆಗ ಕೊಡೆ ನೋಡಬಹುದು, ಗ್ಯಾಲಕ್ಸಿ ಅಲ್ಲ.

ಸುರಂಗದ ನೀರು

ನವೆಂಬರ್ ಕೊನೆಗೆ ಸಣ್ಣ ಮೋಡಕ್ಕೆ ಪ್ರಯತ್ನ ಮಾಡುವ ಆಲೋಚನೆ ಇದೆ. ರಾತ್ರಿ ಒಂಬತ್ತಕ್ಕೆ ಅದು ಅತಿ ಎತ್ತರದಲ್ಲಿ ಇರುತ್ತದೆ. ಎತ್ತರ ಅಂದರೆ ನಾಲ್ಕೂವರೆ ಡಿಗ್ರಿ, ಎರಡೂವರೆ ಬೆರಳು. ಗುಡ್ಡದಿಂದ ಆಗಲ್ಲ, ತೆಂಕಿಗೆ ಪೇಟೆಯ ಲೈಟು. ಮಂಜೇಶ್ವರದ ಕಣ್ವತೀರ್ಥ ಬೀಚಿನಿಂದ ನೋಡಿದರೆ ತೆಂಕಿಗೆ ನೇರ ಕಡಲೇ ಸಿಗುತ್ತದೆ. ಮೀನು ಬೋಟುಗಳ ಲೈಟು ಇಲ್ಲದಿದ್ದರೆ ಸಾಕು. ಬರುವವರು ಹೇಳಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ತನ್ನಿ.

ಬದಿಯಡ್ಕ ಮಾಷ್ಟ್ರು

ಬೀಚು ಅಂದರೆ ಬರುತ್ತೇನೆ, ಗುಂಪೆ ಅಂದಿದ್ದರೆ ನನ್ನ ಮಂಡಿ ಬಿಡುತ್ತಿರಲಿಲ್ಲ. ಚಹಾದ ಫ್ಲಾಸ್ಕ್ ನನ್ನದು. ಬೂಷ್ಟು ಹಿಡಿದ ಲೆನ್ಸ್ ನೀವೇ ತನ್ನಿ.